ವಿಮಾನ ಹತ್ತುವ ರೊಟ್ಟಿ

ಗೆಳೆಯರೇ, ಇವತ್ತು ಹೊಟ್ಟೆ ಉರಿದುಹೋಯಿತು. ನಮ್ಮ ಪೀಣ್ಯದ ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಇಟಲಿಯಿಂದ ಬಂದು ಮೂರು ತಿಂಗಳಿದ್ದ ಮಾರ್ಕೊ ಶುಕ್ರವಾರ ಊರಿಗೆ ಹೊರಡುತ್ತಾನೆ. ಅವನಿಗೆ ಮುದ್ದೆಯನ್ನು ಅಗಿಯದೆ ನುಂಗಲು ಕಲಿಸಿದವನು ನಾನು. ಬೇರೆಯವರಿಂದ ಆಗುತ್ತಿರಲಿಲ್ಲ ಬಿಡಿ. ಮಧ್ಯಾಹ್ನ ನೋಡಿದರೆ, ನಮ್ಮ ಜೊತೆ ಕೆಲಸ ಮಾಡುವ ಕಲಬುರಗಿಯ ಶರಣಪ್ಪ ತಂದ ನಲವತ್ತು ಖಡಕ್ ಜೋಳದ ರೊಟ್ಟಿಯನ್ನು ಮಾರ್ಕೊ ಬಟ್ಟೆಯಲ್ಲಿ ಸುತ್ತಿ ತನ್ನ ಬ್ಯಾಗಿನಲ್ಲಿ ಇಡುತ್ತಿದ್ದಾನೆ!

"ಅಮ್ಮಂಗೆ," ಎಂದ ಮಾರ್ಕೊ. ಆ ಕನ್ನಡ ಕಲಿಸಿದ್ದೂ ನಾನೇ.

"ಮತ್ತೆ ನನ್ ಮುದ್ದೆ?" ಎಂದೆ.

ಶರಣಪ್ಪ ನಕ್ಕುಬಿಟ್ಟ. "ಕಾಕಾ, ನಿಮ್ಮ ಮುದ್ದಿ ಏರ್‌ಪೋರ್ಟ್ ಮುಟ್ಟೂದ್ರಾಗ ಹಳಸ್ತದ. ನಮ್ಮ ರೊಟ್ಟಿ ತಿಂಗಳಾದ್ರೂ ಏನೂ ಆಗಂಗಿಲ್ಲ."

ಮಾರ್ಕೊ ಅತ್ತ ಹೋದ ಮೇಲೆ ಶರಣಪ್ಪನನ್ನು ಮೂಲೆಗೆ ಕರೆದೆ. "ಲೋ, ನಿನ್ ಎಂಡ್ರು ಕೈಲಿ ಇನ್ನೊಂದತ್ತು ರೊಟ್ಟಿ ಸುಡ್ಸ್ಲಾ. ನನ್ ಎಸ್ರಲ್ಲಿ ಕೊಡ್ತೀನಿ."

"ಆತು ಕಾಕಾ. ಹಿಟ್ಟು ಮಾತ್ರ ನೀವ ತರ್ರಿ."

ಈಗ ಅಂಗಡಿಯಲ್ಲಿ ಕೊಂಡ ಎರಡು ಕೆಜಿ ಜೋಳದ ಹಿಟ್ಟು ಹಿಡಿದು ಬಾಗಲಗುಂಟೆಯಲ್ಲಿ ಶರಣಪ್ಪನ ಮನೆ ಬಾಗಿಲಲ್ಲಿ ನಿಂತಿದ್ದೇನೆ. ಮಾರ್ಕೊ ಕೇಳಿದರೆ, ಜೋಳ ನಮ್ಮ ಹೊಲದ್ದೇ ಎಂದು ನೀವೂ ಹೇಳಬೇಕು.