ಹೇಳಿ ಬರೆಸಿದ ರಂಗೋಲಿ

ರೂಬಿನಾ ಅಕ್ಕೋರ ಕೈಯಲ್ಲಿ ಕಲಿತವರಿಗೆ ಹತ್ತನೆಯ ಕ್ಲಾಸಿನ ಕನ್ನಡ ಪ್ರಬಂಧದಲ್ಲಿ ಅಂಕ ಕಡಿಮೆ ಬಿದ್ದದ್ದೇ ಇಲ್ಲ. ನವಲಗುಂದದ ಆ ಹೈಸ್ಕೂಲಿಗೆ ಅದೇ ದೊಡ್ಡ ಹೆಮ್ಮೆ. ಅವರು ಕಲಿಸುವ ರೀತಿಯೂ ಅಗದಿ ಸರಳ. ಖುರ್ಚಿಯಲ್ಲಿ ಕೂತು "ಬರ್ಕೋರಿ" ಎನ್ನುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ, ಮರುದಿನ ಎದ್ದು ನಿಂತು ಒಪ್ಪಿಸುತ್ತಾರೆ. ಒಂದು ಪದ ತಪ್ಪಿತೋ, ಸಂಜೆ ಮನೆಗೆ ಹೋಗುವ ಮಾತೇ ಇಲ್ಲ. ಅದರಲ್ಲೂ 'ನಮ್ಮ ಮನೆಯ ಮುಂಜಾನೆ' ಅವರ ಬ್ರಹ್ಮಾಸ್ತ್ರ. ಕೋಳಿ ಕೂಗುತ್ತದೆ, ಅಮ್ಮ ಅಂಗಳ ಸಾರಿಸಿ ರಂಗೋಲಿ ಹಾಕುತ್ತಾಳೆ ಎಂದು ಅದು ಶುರುವಾಗುತ್ತದೆ. ತಮಾಷೆಯೆಂದರೆ ಅಕ್ಕೋರ ಸ್ವಂತ ಮನೆಯ ಮುಂದೆ ಯಾವತ್ತೂ ರಂಗೋಲಿ ಬಿದ್ದದ್ದಿಲ್ಲ. ಅವರ ಮಾಸ್ತರರು ಅವರಿಗೂ ಹಾಗೇ ಬರೆಸಿದ್ದರು, ಅವರೂ ಪೂರ್ತಿ ಅಂಕ ತಗೊಂಡಿದ್ದರು. ಮತ್ತೆ ತಪ್ಪೆಲ್ಲಿ ಬಂತು?

ತಪ್ಪು ಒಂದು ಶುಕ್ರವಾರ ಫೋನಿನಲ್ಲಿ ಬಂತು. ಅಣ್ಣಿಗೇರಿ ರಸ್ತೆಯ ಪಿಯು ಕಾಲೇಜಿಗೆ ಹೊಸದಾಗಿ ಬಂದಿದ್ದ ಕನ್ನಡ ಉಪನ್ಯಾಸಕ ಈರೇಶ ಸರ್ ಮಾತಾಡುತ್ತಿದ್ದರು.

"ಅಕ್ಕೋರ, ನಿಮ್ಮ ಸಾಲಿಯಿಂದ ಬಂದ ನಾಲ್ಕು ಮಂದಿ ಒಂದ ಪ್ರಬಂಧ ಬರದಾರ್ರಿ. ನಾಲ್ಕೂ ಮನ್ಯಾಗ ಅದ ಕೋಳಿ, ಅದ ರಂಗೋಲಿ. ಮೂರು ಹುಡುಗ್ರು, ಒಬ್ಬಾಕಿ ಶಬೀನಾ. ಶಬೀನಾನ ಮನಿ ಮುಂದೂ ರಂಗೋಲಿ ಹಾಕ್ತಾರೇನ್ರಿ? ಪ್ರಿನ್ಸಿಪಾಲರು ಕಾಪಿ ಅಂತ ತಿಳದು, ಸೋಮವಾರ ತಂದಿಗೋಳನ್ನ ಕರಸಾಕ ಹೇಳ್ಯಾರ."

ಆ ಮೂರು ಹುಡುಗರ ಚಿಂತೆ ಅಕ್ಕೋರಿಗಿರಲಿಲ್ಲ. ಅವರ ಅಪ್ಪಂದಿರು ಬರುತ್ತಾರೆ, ಬೈಯುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಶಬೀನಾಳ ಕತೆ ಬೇರೆ. ಅವಳ ಅಪ್ಪ ಮಾಬುಸಾಬ ಯಮನೂರಿನ ದರ್ಗಾದ ಮುಂದೆ ಬಳೆ ಮಾರುವವನು. ಮಗಳನ್ನು ಕಾಲೇಜಿಗೆ ಕಳಿಸಲು ಅವನು ಸುತಾರಾಂ ಒಪ್ಪಿರಲಿಲ್ಲ. ಅಕ್ಕೋರೇ ಮನೆಗೆ ಹೋಗಿ ಕೂತು ಒಪ್ಪಿಸಿದ್ದರು. "ನಿಮ್ಮ ಮಾರಿ ನೋಡಿ ಕಳಸ್ತೇನ್ರಿ ಅಕ್ಕೋರ. ಒಂದ ಒಂದು ದೂರು ಬಂತಂದ್ರ ಅವತ್ತ ಬಂದ್," ಎಂದಿದ್ದ. ಆ ದೂರು ಈಗ ಬಂದಿದೆ, ಅದೂ ಅಕ್ಕೋರ ಕೈಯಿಂದಲೇ!

"ಆಕಿ ಕಾಪಿ ಹೊಡದಿಲ್ರಿ ಸರ. ನಾನ ಬರಸೇನಿ."

"ಹಂಗಾರ ಸೋಮವಾರ ತಂದಿ ಬರೂದರಾಗ ನನ್ನ ಮುಂದ ಕುಂತು ತನ್ನ ಮನಿ ಬಗ್ಗೆ ತಾನ ಒಂದ ಪುಟ ಬರೀಲಿ. ಅದನ್ನ ತೋರಿಸಿ ನಾ ಪ್ರಿನ್ಸಿಪಾಲರ ಮುಂದ ಹೇಳ್ತೀನಿ. ಸಿಟ್ಟಾಗಬ್ಯಾಡ್ರಿ ಅಕ್ಕೋರ, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬರತೈತ್ರಿ?"

ಸಿಟ್ಟು ಬಂತು, ಬಾರದೇ ಇರುತ್ತದೆಯೇ? ಆದರೆ ಸಿಟ್ಟು ಮಾಡಲು ಪುರಸೊತ್ತು ಎಲ್ಲಿದೆ! ಶನಿವಾರ ಮಧ್ಯಾಹ್ನ ಶಬೀನಾಳನ್ನು ಮನೆಗೆ ಕರೆಸಿ ಎದುರಿಗೆ ಕೂರಿಸಿಕೊಂಡರು.

"ನಿಮ್ಮ ಮನಿ ಮುಂಜಾನೆ ಬರಿ."

"ಹೇಳ್ರಿ ಅಕ್ಕೋರ," ಎಂದು ಹುಡುಗಿ ಪೆನ್ನು ಹಿಡಿದು ಕಾದಳು.

"ನಾ ಹೇಳೂದಿಲ್ಲ ಬೇ. ನೀನ ಬರಿ."

ಬಹಳ ಹೊತ್ತಿನ ಮೇಲೆ ಶಬೀನಾ, ನಮ್ಮ ಮನೆಯಲ್ಲಿ ಮಗ್ಗ ಐತಿ ಎಂದು ಬರೆದಳು. ಅಕ್ಕೋರ ನಾಲಿಗೆ ಸುಮ್ಮನಿರಬೇಕಲ್ಲ! "ಮಗ್ಗ ಯಾಕ ಮೊದಲಿಗೆ? ಮೊದಲ ಸೂರ್ಯೋದಯ ಆಗ್ಲಿ," ಎಂದರು. ಹುಡುಗಿ ಮಗ್ಗ ಹೊಡೆದು ಹಾಕಿ ಸೂರ್ಯನನ್ನು ತಂದಳು. ಸೂರ್ಯನ ಹಿಂದೆ ಹಕ್ಕಿಗಳು ಬಂದವು, ಹಕ್ಕಿಗಳ ಹಿಂದೆ ಕೋಳಿ. ಸಂಜೆಯ ಹೊತ್ತಿಗೆ ನೋಡಿದರೆ ಪುಟದ ಕೊನೆಯಲ್ಲಿ ಅದೇ ಹಾಳು ರಂಗೋಲಿ! ಭಾನುವಾರವೂ ಇದೇ ಹಣೆಬರಹ. ಕಲಿಸುವುದೆಂದರೆ ಬರೆಸುವುದು ಎಂದು ಜನ್ಮವಿಡೀ ನಂಬಿದ ಬಾಯಿ ಅದು, ಎರಡು ದಿನದಲ್ಲಿ ಮುಚ್ಚುತ್ತದೆಯೇ?

ಸೋಮವಾರ ಕಾಲೇಜಿನಲ್ಲಿ ಈರೇಶ ಸರ್ ಒಂದು ಬಿಳಿ ಹಾಳೆ ಕೊಟ್ಟು ಶಬೀನಾಳ ಎದುರಿಗೆ ಕೂತರು. ಅಕ್ಕೋರು ಪಡಸಾಲೆಯಲ್ಲಿ, ಕಿಟಕಿಯ ಹೊರಗೆ ನಿಂತರು. ಪೆನ್ನು ಅಲ್ಲಾಡಲೇ ಇಲ್ಲ. ಇನ್ನೇನು ಮಾಬುಸಾಬ ಬಂದುಬಿಡುತ್ತಾನೆ. ಆಗ ಶಬೀನಾ ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು. ಆ ಕಣ್ಣು ಕೇಳುತ್ತಿದ್ದುದು ಒಂದೇ: ಮೊದಲನೇ ಸಾಲು ಹೇಳ್ರಿ. ತುಟಿ ಅಲ್ಲಾಡಿಸಿದರೆ ಸಾಕಿತ್ತು, ಸರ್ ಬಗ್ಗಿ ಏನೋ ಓದುತ್ತಿದ್ದರು. ಅಕ್ಕೋರ ತುಟಿ ತೆರೆಯಿತು ಕೂಡ. ಯಾ ಅಲ್ಲಾ, ಈಗ ನಾ ಹೇಳಿದ್ರ ಈಕಿ ಮುಗದ ಹೋದ್ಳು! ಗಕ್ಕನೆ ಬೆನ್ನು ತಿರುಗಿಸಿ, ಯಾರಿಗೂ ಕಾಣದಂತೆ ನೀರಿನ ಟಾಕಿಯ ಹಿಂದೆ ಹೋಗಿ ಕೂತರು. ಕೂಸನ್ನು ಸಂತೆಯಲ್ಲಿ ಬಿಟ್ಟು ಬಂದಂತೆ ಸಂಕಟವಾಯಿತು.

ಮಾಬುಸಾಬ ಬಂದದ್ದು ಕಂಡು ಅಕ್ಕೋರು ಎದ್ದು ಅವನ ಎದುರಿಗೆ ಹೋದರು. ಮುಖ ಬಿಗಿದಿತ್ತು. "ಏನ್ ಮಾಡ್ಯಾಳ್ರಿ ಅಕ್ಕೋರ?"

"ಆಕಿ ಏನೂ ಮಾಡಿಲ್ಲ ಮಾಬುಸಾಬ. ತಪ್ಪು ನಂದೈತಿ."

ಅವನು ನಂಬಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಒಳಗಿಂದ ಇಬ್ಬರಿಗೂ ಕರೆ ಬಂತು. ಪ್ರಿನ್ಸಿಪಾಲರು ಕೂತಿದ್ದರು, ಶಬೀನಾ ಗೋಡೆಗೆ ಒತ್ತಿ ನಿಂತಿದ್ದಳು. ಈರೇಶ ಸರ್ ಹಾಳೆ ತೆಗೆದು ಗಟ್ಟಿಯಾಗಿ ಓದಿದರು.

"ನಮ್ಮ ಮನೆಯಲ್ಲಿ ಜಮಖಾನ ನೇಯುವ ಮಗ್ಗ ಐತಿ. ಮುಂಜಾನೆ ಎದ್ದು ಅಮ್ಮಿ ಅದರ ಮುಂದೆ ಕೂಡುತ್ತಾಳೆ. ನನಗೆ ಮುಟ್ಟಲು ಬಿಡುವುದಿಲ್ಲ. ಮಗಳಿಗೆ ಕಲಿಸಿದರೆ ಕಸುಬು ಬೇರೆ ಮನೆಗೆ ಹೋಗುತ್ತದೆ, ಸೊಸೆಗೆ ಕಲಿಸಬೇಕು ಎಂದು ನಮ್ಮ ಮನೆತನದ ರಿವಾಜು. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ. ಜಮಖಾನದ ನವಿಲಿನ ಕುತ್ತಿಗೆಗೆ ಎಲ್ಲಿ ಬಣ್ಣ ಬದಲಾಗಬೇಕು ನನಗೆ ಗೊತ್ತು. ನನಗೆ ಗೊತ್ತು ಅಂತ ಅಮ್ಮಿಗೆ ಗೊತ್ತಿಲ್ಲ. ಒಂದು ಸಲ ಅಮ್ಮಿ ಅಲ್ಲಿ ತಪ್ಪು ಬಣ್ಣ ಹಾಕಿದಳು. ನಾನು ಹೇಳಲಿಲ್ಲ. ಹೇಳಿದರೆ ಬಾಗಿಲು ಹಾಕುತ್ತಾರೆ."

ಅಷ್ಟೇ. ಅರ್ಧ ಪುಟವೂ ಇರಲಿಲ್ಲ. ಕಾಪಿಯ ಆರೋಪ ಹೋಯಿತು ಸರಿ, ಮನೆತನದ ಕಟ್ಟು ಮುರಿದದ್ದನ್ನು ಹುಡುಗಿ ಅಪ್ಪನ ಮುಂದೆಯೇ ಬರೆದು ಕೊಟ್ಟಳಲ್ಲ! ಬೆಂಕಿಯಿಂದ ಬಾಣಲೆಗೋ, ಬಾಣಲೆಯಿಂದ ಬೆಂಕಿಗೋ?

"ಇದು ಕಾಪಿ ಅಲ್ರಿ ಸಾಹೇಬ್ರ," ಎಂದ ಮಾಬುಸಾಬ. "ಆ ನವಿಲಿನ ಜಮಖಾನ ಇನ್ನೂ ನಮ್ಮನ್ಯಾಗ ಐತಿ. ಕುತ್ತಿಗಿ ಕೆಟ್ಟೈತಿ ಅಂತ ಯಾರೂ ಒಯ್ಯಲಿಲ್ಲ." ಆಮೇಲೆ ಮಗಳ ಕಡೆ ತಿರುಗಿದ. ಮುಖ ನೋಡಲು ಅವನಿಗಾಗಲಿಲ್ಲ. "ಬಾಗಲಾ ಯಾರೂ ಹಾಕೂದಿಲ್ಲ ಬೇಟಾ. ನಾಳೆನೂ ಕಾಲೇಜಿಗೆ ಬಾ."

ಅಕ್ಕೋರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮಂಗಳವಾರ ಹತ್ತನೆಯ ಕ್ಲಾಸಿನಲ್ಲಿ ಪೆನ್ನುಗಳು ತೆರೆದು ಕಾದಿದ್ದವು. ನಿಮ್ಮ ನಿಮ್ಮ ಮನೆಯ ಮುಂಜಾನೆ ಬರೆಯಿರಿ ಎಂದರು ಅಕ್ಕೋರು. ಯಾರೂ ಬಗ್ಗಲಿಲ್ಲ. "ಮೊದಲನೇ ಸಾಲಷ್ಟರ ಹೇಳ್ರಿ ಅಕ್ಕೋರ," ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಮಾರ್ಚಿನ ಪರೀಕ್ಷೆ ಕಣ್ಣ ಮುಂದೆ ಬಂತು, ಈ ಮಕ್ಕಳ ಅಂಕ, ಶಾಲೆಯ ಹೆಸರು.

"ನಿಮ್ಮ ಮನಿ ಮುಂಜಾನೆ ನನಗ ಗೊತ್ತಿಲ್ರೋ," ಎಂದು ಅಕ್ಕೋರು ಮಕ್ಕಳಿಗೆ ಬೆನ್ನು ಮಾಡಿ ನಿಂತರು.