ಐದನೇ ಮನೆಯ ವಾಲ್ವು

ನಮ್ಮ ಮನೆಯ ಮುಂಬಾಗಿಲ ಹಿಂದೆ, ಕೊಡೆಗೆಂದು ಹೊಡೆದ ಮೊಳೆಯಲ್ಲಿ, ಕೊಡೆಯ ಬದಲು ಒಂದು ಕಬ್ಬಿಣದ ಕೀಲಿ ತೂಗುತ್ತದೆ. ಕೀಲಿ ಎಂದೊಡನೆ ನೀವು ಪೆಟ್ಟಿಗೆ, ಕಪಾಟು, ಒಡವೆ ಎಂದೆಲ್ಲ ನೆನೆಯಬಾರದು. ಇದು ತೋಳಿನುದ್ದದ ಸರಳು. ಮೇಲ್ತುದಿಯಲ್ಲಿ ಎರಡೂ ಕೈಗೆ ಸಿಗುವಂತೆ ಅಡ್ಡಹಿಡಿ, ಕೆಳತುದಿಯಲ್ಲಿ ಚೌಕನೆಯ ಬಾಯಿ. ಊರಿನಿಂದ ಬಂದ ನೆಂಟರು ಇದನ್ನು ಕಳ್ಳರಿಗಾಗಿ ಇಟ್ಟುಕೊಂಡದ್ದೆಂದು ತಿಳಿದು, ನೈರೋಬಿಯಲ್ಲಿ ಅಷ್ಟೊಂದು ಭಯವೇ ಎಂದು ಕೇಳುತ್ತಾರೆ. ಭಯವಿದೆ, ಆದರೆ ಈ ಸರಳು ಅದಕ್ಕಲ್ಲ ಎನ್ನುತ್ತೇನೆ. ಇದು ನೀರು ತಿರುಗಿಸುವ ಕೀಲಿ, ನಮ್ಮ ಕಂಪೌಂಡಿನ ಸಂಘದ ಅಧ್ಯಕ್ಷರ ಅಧಿಕಾರದ ಏಕೈಕ ಲಾಂಛನ.

ನೈರೋಬಿಯ ಸೌತ್ ಬಿ ಬಡಾವಣೆಯ ನಮ್ಮ ಕಂಪೌಂಡಿಗೆ ಒಂದೇ ಗೇಟು, ಒಳಗೆ ಎಂಟು ಮನೆ. ಖಾಲಿಯಾದಾಗಲೆಲ್ಲ ಒಬ್ಬರು ಇನ್ನೊಬ್ಬರಿಗೆ ಹೇಳಿ, ತಮ್ಮ ಪೈಕಿಯವರನ್ನೇ ಕರೆತಂದು, ಎಂಟರಲ್ಲೂ ಕನ್ನಡದವರೇ ತುಂಬಿಕೊಂಡಿದ್ದಾರೆ. ಹೆಚ್ಚಿನವರು ಪಕ್ಕದ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಮ್ಯಾನೇಜರುಗಳು, ಎಂಜಿನಿಯರುಗಳು. ನಾನು ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಮಾತ್ರೆಗಳನ್ನು ತೂಗಿ ನೋಡುವವನು. ನಗರದ ನೀರು ವಾರಕ್ಕೆರಡು ಸಲ ಬರುತ್ತದೆ, ಬಂದರೆ. ಗೇಟಿನ ಪಕ್ಕದಲ್ಲಿ, ಸಿಮೆಂಟಿನ ಮುಚ್ಚಳದ ಕೆಳಗೆ, ಎಂಟು ಮನೆಗಳ ಎಂಟು ವಾಲ್ವುಗಳು ಸಾಲಾಗಿ ಕೂತಿವೆ. ಎಲ್ಲವನ್ನೂ ಒಟ್ಟಿಗೆ ತೆರೆದರೆ ಒತ್ತಡ ಸಾಲದೆ ಯಾರ ಟ್ಯಾಂಕಿಗೂ ನೀರು ಏರುವುದಿಲ್ಲ. ಆದ್ದರಿಂದ ಯಾರಾದರೊಬ್ಬರು ಬೆಳಗಿನ ಚಳಿಯಲ್ಲಿ ಎದ್ದು, ಒಂದನ್ನು ತೆರೆದು, ತುಂಬಿದ ಮೇಲೆ ಅದನ್ನು ಮುಚ್ಚಿ, ಮುಂದಿನದನ್ನು ತೆರೆಯುತ್ತ ಎಂಟೂ ಮನೆಗಳನ್ನು ಮುಗಿಸಬೇಕು. ಆ ಒಬ್ಬರನ್ನು ನಾವು ಅಧ್ಯಕ್ಷರೆನ್ನುತ್ತೇವೆ. ಪ್ರಜಾಪ್ರಭುತ್ವ ಹೇಗೆ ಹುಟ್ಟಿತೆಂಬುದರ ಬಗ್ಗೆ ತಿಳಿದವರು ಏನೇನೋ ಹೇಳುತ್ತಾರೆ. ನಮ್ಮಲ್ಲಿ ಅದು ಹುಟ್ಟಿದ್ದು ಹಾಸಿಗೆಯಿಂದ ಯಾರು ಏಳಬೇಕೆಂಬ ಪ್ರಶ್ನೆಯಿಂದ.

ನಾನು ಬಂದಾಗ ಅಧ್ಯಕ್ಷರಾಗಿದ್ದವರು ಪಿಂಟೋ ಸರ್. ಮಂಗಳೂರಿನ ಕಡೆಯವರು, ಲ್ಯಾವಿಂಗ್ಟನ್ನಿನ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕರಾವಳಿಯ ಕನ್ನಡ, ಮಾರುಕಟ್ಟೆಯಲ್ಲಿ ಸ್ವಾಹಿಲಿ ಆಡುತ್ತ, ಮೂರರಲ್ಲೂ ಮಿತಭಾಷಿಯಾಗಿದ್ದವರು. ವಾಲ್ವುಗಳಿಗೆ ತಿಂಗಳಿಗೊಮ್ಮೆ ಎಣ್ಣೆ ಬಿಡುತ್ತಿದ್ದರು, ವಾಷರು ಸವೆದರೆ ತಾವೇ ಬದಲಿಸುತ್ತಿದ್ದರು.

ಯಾವುದೋ ದೊಡ್ಡ ದೇಶದ ಅಧ್ಯಕ್ಷ, ತನ್ನ ಸಂಸತ್ತು ಮಾಡಿದ ದಿಗ್ಬಂಧನದ ಕಾನೂನನ್ನು ಜಾರಿಗೆ ತರಲೊಪ್ಪದೆ ಜನರ ಸಿಟ್ಟಿಗೆ ಗುರಿಯಾದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ಪಿಂಟೋ ಸರ್ ನೆನಪಾಗುತ್ತಾರೆ. ಆ ದೇಶಗಳಲ್ಲಿ ಯಾರು ಸರಿ, ಯಾರು ತಪ್ಪು ಎಂದು ಹೇಳುವಷ್ಟು ನನಗೆ ತಿಳಿಯದು. ನನಗೆ ಗೊತ್ತಿರುವುದು ಎಂಟು ಮನೆಗಳ ಒಂದು ದೇಶ, ಅದರ ಒಂದು ಕಾನೂನು, ಅದರ ಸುತ್ತ ಎದ್ದ ಆಕ್ರೋಶ. ಇವುಗಳನ್ನು ಹತ್ತಿರದಿಂದ ನೋಡಿದ್ದೇನಾದ್ದರಿಂದ ನೋಡಿದಷ್ಟನ್ನೇ ನಿಮಗೆ ಹೇಳುತ್ತೇನೆ.

ಎರಡು ಸಾವಿರದ ಎಂಟನೆಯ ಇಸವಿ ಹುಟ್ಟಿದ್ದೇ ಹೊಗೆಯೊಳಗೆ. ಚುನಾವಣೆಯ ಫಲಿತಾಂಶ ಹೊರಬಿದ್ದ ಮೇಲೆ ಊರು ಉರಿಯತೊಡಗಿತ್ತು. ಆ ವಾರ ಕಾರ್ಖಾನೆಯಿಂದ ಮರಳುವಾಗ ರಸ್ತೆಗೆ ಅಡ್ಡವಾಗಿ ಕಲ್ಲು ಟೈರುಗಳನ್ನಿಟ್ಟು ಕೆಲವು ಯುವಕರು ನಿಂತಿದ್ದರು. ನಮ್ಮ ಕಂಪನಿಯ ಕಾರಿನ ಮುಂದೆ ಒಂದು ಮಟಾಟು, ಇಲ್ಲಿನ ಬಾಡಿಗೆ ವ್ಯಾನು. ಅವರು ಅದರೊಳಗಿದ್ದವರ ಹೆಸರು ಕೇಳುತ್ತಿದ್ದರು. ಹೆಸರು ಕೇಳಿದರೆ ಸಾಕು, ಯಾವ ಬುಡಕಟ್ಟಿನ ಜನ, ಯಾರ ಕಡೆಯವರು ಎಂಬುದು ಇಲ್ಲಿ ತಿಳಿದುಹೋಗುತ್ತದೆ. ಆ ಲೆಕ್ಕ ನಮಗೇನೂ ಹೊಸದಲ್ಲ. ಒಬ್ಬನಿಗೆ ಇಳಿಯಲು ಹೇಳಿದರು. ಅವನು ತನ್ನ ಚೀಲವನ್ನು ಪಕ್ಕದವಳ ಮಡಿಲಲ್ಲಿಟ್ಟು ಇಳಿದ. ನಮ್ಮನ್ನು ಏನೂ ಕೇಳದೆ ಕೈಬೀಸಿ ಕಳಿಸಿದರು. ನಾನು ಕಂಡದ್ದು ಇಷ್ಟೇ. ಆಮೇಲೆ ಏನಾಯಿತೆಂದು ನೋಡಿಲ್ಲವಾದ್ದರಿಂದ ಬರೆಯುವುದಿಲ್ಲ. ಆದರೆ ಆ ಚೀಲ, ಮತ್ತು ಅದನ್ನು ಬೇಡವೆನ್ನಲಾಗದೆ ಹಿಡಿದುಕೊಂಡ ಆ ಹೆಂಗಸಿನ ಕೈ, ಈಗಲೂ ಒಮ್ಮೊಮ್ಮೆ ಮಾತ್ರೆ ತೂಗುವಾಗ ಕಣ್ಣೆದುರು ಬರುತ್ತವೆ, ಅದೇ ಮಾತ್ರೆಯನ್ನು ಮತ್ತೊಮ್ಮೆ ತೂಗುತ್ತೇನೆ.

ಮರುದಿನವೇ ಕಂಪೌಂಡಿನ ತುರ್ತುಸಭೆ. ಬಂದು ವರ್ಷ ತುಂಬದ ಬಾಡಿಗೆದಾರರಿಗೆ ಮತವಿಲ್ಲವೆಂಬುದು ನಮ್ಮಲ್ಲಿನ ಪದ್ಧತಿ. ಅವರಿಗೆ ಇರುವ ಹಕ್ಕು ಪ್ಲಾಸ್ಟಿಕ್ ಕುರ್ಚಿ ಹಾಕುವುದು, ತೆಗೆಯುವುದು. ಹಾಗಾಗಿ ನಾನು ಕುರ್ಚಿ ಹಾಕಿ ಗೋಡೆಗೊರಗಿ ನಿಂತೆ. ಸಂಘದ ಕಾರ್ಯದರ್ಶಿ ಶ್ರೀಧರ್, ನನ್ನದೇ ಕಂಪನಿಯ ಪ್ಲಾಂಟ್ ಮ್ಯಾನೇಜರ್, ಮೈಸೂರಿನವರು, ಒಂದು ನಿಯಮ ಮಂಡಿಸಿದರು. ಪರಿಸ್ಥಿತಿ ತಿಳಿಯಾಗುವವರೆಗೆ ಯಾವ ಮನೆಯವರೂ ಹೊರಗಿನವರನ್ನು ಒಳಗೆ ಇರಿಸಿಕೊಳ್ಳಬಾರದು. ಇರಿಸಿಕೊಂಡ ಮನೆಗೆ, ಅವರು ಹೋಗುವತನಕ ನೀರು ಬಂದ್. ಎಲ್ಲರೂ ಹೆದರಿದ್ದರು. ಯಾರನ್ನೋ ಹುಡುಕಿಕೊಂಡು ಗುಂಪೊಂದು ಗೇಟಿಗೆ ಬಂದರೆ ಅದು ಮನೆ ನಂಬರು ನೋಡಿ ಬೆಂಕಿ ಹಚ್ಚುವುದಿಲ್ಲ. ಈ ಭಯವನ್ನು ನಾನು ಹಾಸ್ಯ ಮಾಡಲಾರೆ, ಅದು ನನಗೂ ಇತ್ತು. ಕೈಗಳು ಎದ್ದವು. ಪಿಂಟೋ ಸರ್ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು, ಎದ್ದ ಕೈಗಳನ್ನು ಎಣಿಸಿ, “ಪಾಸಾಯ್ತು” ಎಂದರು.

ಆ ಸಭೆಗೆ ಬಾರದಿದ್ದದ್ದು ಐದನೇ ಮನೆಯ ವತ್ಸಲಾ ಒಬ್ಬರೇ. ಅವರು ಸಭೆಯ ಹೊತ್ತಿಗೆ ಕಾರು ತೆಗೆದುಕೊಂಡು, ಕಾರ್ಖಾನೆಗಳ ಹಿಂದಿನ ತಗಡಿನ ಮನೆಗಳ ಬಡಾವಣೆಗೆ ಹೋಗಿದ್ದರು. ಅವರ ಮನೆಗೆಲಸದ ಗ್ರೇಸಳ ಮನೆ ಸುಟ್ಟುಹೋಗಿತ್ತು. ಸಂಜೆ ಗೇಟು ತೆರೆದಾಗ ಕಾರಿನಲ್ಲಿ ಗ್ರೇಸ್, ಅವಳ ಮುದಿ ತಾಯಿ, ಇಬ್ಬರು ಹೆಣ್ಣುಮಕ್ಕಳು, ಒಂದು ಹೊಲಿಗೆ ಯಂತ್ರ ಇದ್ದವು. ಗೇಟಿನ ಬಳಿ ನೆರೆದ ನಮ್ಮವರು ಕೇಳಿದ ಮೊದಲ ಪ್ರಶ್ನೆ ಗಾಯವಾಗಿದೆಯೇ ಎಂದಲ್ಲ. ಹತ್ತು ವರ್ಷ ನಮ್ಮ ಮನೆಗಳಲ್ಲಿ ಓಡಾಡಿದವಳನ್ನು ಅಂದು ಮೊದಲ ಬಾರಿಗೆ ಪೂರ್ತಿ ಹೆಸರು ಕೇಳಿದರು. ಅವಳು ಹೇಳಿದಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಲೆಕ್ಕ ಹಾಕತೊಡಗುತ್ತೀರಿ.

ಹೀಗೆ ನಮ್ಮ ಕಾನೂನು ಹುಟ್ಟಿದ ದಿನವೇ ಕೆಲಸ ಕೇಳಿಕೊಂಡು ಅಧ್ಯಕ್ಷರ ಬಾಗಿಲಿಗೆ ಬಂದಿತು. ನೀರಿನ ದಿನ ಬೆಳಗ್ಗೆ ಎಂಟೂ ಮನೆಗಳ ಪರದೆಗಳು ಒಂದೊಂದು ಬೆರಳಷ್ಟು ಸರಿದಿದ್ದವು. ಪಿಂಟೋ ಸರ್ ಸ್ವೆಟರ್ ತೊಟ್ಟು, ಮುಚ್ಚಳ ಸರಿಸಿ, ಒಂದು, ಎರಡು, ಮೂರು, ನಾಲ್ಕು ಮುಗಿಸಿ, ಐದನ್ನೂ ತೆರೆದರು. ಅದು ತುಂಬುವಷ್ಟು ಹೊತ್ತು ಪಕ್ಕದ ಕಲ್ಲಿನ ಮೇಲೆ ಕೂತು ಚಹಾ ಕುಡಿದರು. ಆಮೇಲೆ ಆರನೆಯದು.

ಆಗ ಎದ್ದಿತು ನೋಡಿ, ಸಾರ್ವಜನಿಕ ಆಕ್ರೋಶ. ನಮ್ಮ ಜನ ಕಾನೂನನ್ನು ಇಷ್ಟು ಪ್ರೀತಿಸುತ್ತಾರೆಂದು ನನಗೆ ತಿಳಿದಿರಲಿಲ್ಲ. ನಮ್ಮಲ್ಲಿ ಬರಗಾಲದ ತಿಂಗಳುಗಳಲ್ಲಿ ಪೈಪು ಹಿಡಿದು ಕಾರು ತೊಳೆಯಬಾರದೆಂಬ ನಿಯಮವೂ ಇದೆ, ತಪ್ಪಿದರೆ ನೀರು ನಿಲ್ಲಿಸುವ ಅದೇ ಶಿಕ್ಷೆಯೂ ಇದೆ. ಶ್ರೀಧರ್ ಅವರ ಕಾರು ಎಲ್ಲ ಬರಗಾಲಗಳಲ್ಲೂ ಥಳಥಳಿಸಿದೆ. ಪಿಂಟೋ ಸರ್ ಒಮ್ಮೆಯೂ ಅವರ ನೀರು ನಿಲ್ಲಿಸಲಿಲ್ಲ, ಅದಕ್ಕಾಗಿ ಯಾರೂ ಕಾನೂನು ಸತ್ತಿತೆಂದು ಗೋಳಿಡಲಿಲ್ಲ. ನಮ್ಮ ಕಾನೂನು ತಾನು ಮಲಗುವ ಮನೆ ಯಾವುದು, ಏಳುವ ಮನೆ ಯಾವುದು ಎಂಬುದನ್ನು ಚೆನ್ನಾಗಿ ಬಲ್ಲದು. ಈಗ ಎದ್ದಿತ್ತು. ಪಿಂಟೋ ಸರ್‌ಗೆ ನಮಸ್ಕಾರ ಹೇಳುವುದು ನಿಂತಿತು. ಸಂಜೆಯ ಇಸ್ಪೀಟಿಗೆ ಕರೆಯುವುದು ನಿಂತಿತು. ನಮ್ಮ ಕಡೆಯ ಹೆಂಗಸರು ಅವರ ಹೆಂಡತಿಗೆ ಮರಳಿಸಬೇಕಾಗಿದ್ದ ಇಡ್ಲಿ ಪಾತ್ರೆಯನ್ನು ಒಳಗೇನೂ ಇಡದೆ ಮರಳಿಸಿದರು. ಖಾಲಿ ಪಾತ್ರೆ ಮರಳಿಸುವುದೆಂದರೆ ಏನೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಮತ್ತೆ ಸಭೆ, ಮತ್ತೆ ನನ್ನ ಕುರ್ಚಿಗಳು. ಶ್ರೀಧರ್ ಎದ್ದು ನಿಂತರು.

“ಸಾರ್, ರೂಲ್ ಅಂದ್ರೆ ರೂಲ್. ನಾವೇ ಪಾಸ್ ಮಾಡಿರೋದು. ಪ್ರೆಸಿಡೆಂಟೇ ಇಂಪ್ಲಿಮೆಂಟ್ ಮಾಡಲ್ಲ ಅಂದ್ರೆ ನಾವೆಲ್ಲ ಯಾಕ್ ಸಾರ್ ಕೈ ಎತ್ಬೇಕಿತ್ತು?”

“ಶ್ರೀಧರ್, ಅವಳು ಹೊರಗಿನವಳು ಹೇಗಾದಳಪ್ಪ?” ಎಂದರು ವತ್ಸಲಾ. “ನಿಮ್ಮ ಮಗಳು ಮೊದಲ ಹೆಜ್ಜೆ ಇಟ್ಟದ್ದು ಗ್ರೇಸ್ ಬೆರಳು ಹಿಡ್ಕೊಂಡು. ಫೋಟೋ ಗೋಡೆ ಮೇಲೇ ಇದೆಯಲ್ಲ.”

“ಅಯ್ಯೋ ಮೇಡಂ, ಗ್ರೇಸ್ ಮೇಲೆ ನಂಗೇನು ಕೋಪಾನಾ? ಅವ್ಳು ಫ್ಯಾಮಿಲಿ ಇದ್ದಂಗೆ. ಇದು ಪ್ರಿನ್ಸಿಪಲ್ ಪ್ರಶ್ನೆ.”

ತತ್ತ್ವದ ಪ್ರಶ್ನೆ ಬಂದಾಗ ಮನೆಯವರಂತಿರುವವರು ಹೊರಗೆ ಹೋಗಬೇಕಾಗುತ್ತದೆ. ಮನೆಯವರೇ ಆಗಿರುವವರು ಹೋಗಬೇಕಾಗುವುದಿಲ್ಲ. ಆ ‘ಅಂತೆ’ಯ ತೂಕ ಎಷ್ಟೆಂದು ತಿಳಿಯಲು ನನ್ನ ಪ್ರಯೋಗಾಲಯದ ತಕ್ಕಡಿ ಸಾಲದು.

ಅವಿಶ್ವಾಸ ಗೊತ್ತುವಳಿ ಬಂತು. ಬಹುಮತವೂ ಇತ್ತು. ಆದರೆ ಪಿಂಟೋ ಸರ್ ಇಳಿದರೆ ಮುಂದಿನ ಅಧ್ಯಕ್ಷರು ಯಾರೆಂದು ಯಾರೋ ಕೇಳಿಬಿಟ್ಟರು. ಒಬ್ಬರಿಗೆ ಬೆನ್ನುನೋವು, ಒಬ್ಬರಿಗೆ ಬೆಳಗಿನ ಯೋಗ, ಶ್ರೀಧರ್‌ಗೆ ಬೆಳಗಿನ ಶೀತ ಆಗಿಬರುವುದಿಲ್ಲ. ಕುರ್ಚಿ ಯಾರಿಗೂ ಬೇಡವಾಗಿರಲಿಲ್ಲ. ಆದರೆ ಅದರ ಜೊತೆ ಆ ಕೀಲಿಯೂ ಬರುತ್ತಿತ್ತು. ಗೊತ್ತುವಳಿ ಬಿದ್ದುಹೋಯಿತು.

ಆಗ ಶ್ರೀಧರ್ ಒಂದು ದಾರಿ ತೋರಿದರು. ಅವರು ಕೆಟ್ಟ ಮನುಷ್ಯರಲ್ಲ, ಜಾಣರು. “ಒಂದ್ ಕೆಲಸ ಮಾಡಿ ಸಾರ್. ಐದನೇ ಮನೆ ವಾಲ್ವ್ ಕೆಟ್ಟೋಗಿದೆ, ಮುಚ್ಚಕ್ಕೇ ಆಗ್ತಿಲ್ಲ, ನೀರು ತಾನಾಗೇ ಹೋಗ್ತಿದೆ ಅಂದ್ಬಿಡಿ. ರೂಲೂ ಉಳಿಯತ್ತೆ, ಅವ್ರೂ ಇರ್ತಾರೆ. ಯಾರಿಗೂ ಪ್ರಾಬ್ಲಮ್ ಇಲ್ಲ.”

ಸಭೆಯ ಮುಖ ಅರಳಿತು. ಎಲ್ಲರ ಭುಜ ಇಳಿದದ್ದನ್ನು ನಾನು ಗೋಡೆಯ ಬಳಿಯಿಂದ ಕಂಡೆ. ನೋಡಿ, ಅವರಿಗೆ ಬೇಕಾಗಿದ್ದದ್ದು ಗ್ರೇಸಳ ನೀರು ನಿಲ್ಲುವುದಲ್ಲ. ಬೇಕಾಗಿದ್ದದ್ದು ಒಂದು ಸುಳ್ಳು.

ಪಿಂಟೋ ಸರ್ ಮಾತ್ರ ತಲೆಯಾಡಿಸಿದರು. “ಅದು ಚೆಂದ ಮುಚ್ತದೆ ಮಾರಾಯ್ರೆ. ಡಿಸೆಂಬರಲ್ಲಿ ವಾಷರ್ ಹಾಕಿದ್ದು ನಾನೇ.”

“ಹಾಗಾದ್ರೆ ಮುಚ್ಚಿ ಸಾರ್.”

“ಮುಚ್ಚುದಿಲ್ಲ.”

“ಯಾಕೆ ಅಂತಾದ್ರೂ ಹೇಳಿ.”

“ಎಂತ ಹೇಳುದು? ಮುಚ್ಚುದಿಲ್ಲ, ಅಷ್ಟೇ.”

ಸಿಟ್ಟು ಆಗ ನಿಜವಾಗಿ ಏರಿತು. ನೆಪ ಹೇಳಿದ್ದರೆ ಕ್ಷಮಿಸುತ್ತಿದ್ದರು. ಭಾಷಣ ಮಾಡಿದ್ದರೆ ವಾದಕ್ಕಿಳಿಯುತ್ತಿದ್ದರು. ಸುಮ್ಮನೆ ಒಲ್ಲೆ ಎಂದವನನ್ನು ಏನು ಮಾಡುವುದು? ಮುಂದಿನ ನೀರಿನ ದಿನ ಬೆಳಗ್ಗೆ, ಶೀತ ಆಗಿಬರದವರೂ ಸೇರಿ ಎಲ್ಲರೂ ಶಾಲು ಹೊದ್ದು ವಾಲ್ವುಗಳ ಬಳಿ ನೆರೆದರು. ಪಿಂಟೋ ಸರ್ ಐದನೆಯದನ್ನು ತೆರೆದಿದ್ದರು. ಅವರನ್ನೆಲ್ಲ ನೋಡಿ, ಕೀಲಿಯನ್ನು ಮರಳಿ ಇಳಿಸಿ ತಿರುಗಿಸಿದರು. ಪೈಪಿನೊಳಗಿನ ಸದ್ದು ಸಣ್ಣಗಾಗಿ ನಿಂತಿತು.

“ನೋಡಿ, ಮುಚ್ಚಿದೆ,” ಎಂದರು. “ನೀವು ಹೇಳಿದ ಹಾಗೇ. ಇದನ್ನು ಹೀಗೇ ಬಿಡ್ಬೇಕಾದ್ರೆ ಒಬ್ರು ಯಾರಾದ್ರೂ ಈ ಕೀಲಿ ಹಿಡ್ಕೊಳ್ಳಿ. ಇಲ್ಲಾಂದ್ರೆ ನಾನು ತೆರೀತೇನೆ.”

ಕೀಲಿಯನ್ನು ಅಡ್ಡ ಹಿಡಿದು ಮುಂದೆ ಚಾಚಿದರು. ಶಾಲುಗಳೊಳಗಿಂದ ಒಂದು ಕೈಯೂ ಹೊರಬರಲಿಲ್ಲ. ಸಭೆಯಲ್ಲಿ ಅಷ್ಟು ಸಲೀಸಾಗಿ ಎದ್ದ ಕೈಗಳು.

“ಅದು ಅಧ್ಯಕ್ಷರ ಕೆಲಸ ಅಲ್ವಾ ಸಾರ್,” ಎಂದರು ಶ್ರೀಧರ್, ನೆಲ ನೋಡುತ್ತ.

ಅಷ್ಟರಲ್ಲಿ ಐದನೇ ಮನೆಯ ಹಿಂದಿನಿಂದ ಗ್ರೇಸ್ ಬಕೆಟ್ ಹಿಡಿದು ಬಂದಳು. ನಲ್ಲಿ ನಿಂತದ್ದು ಯಾಕೆಂದು ನೋಡಲು ಬಂದವಳು, ನಮ್ಮನ್ನೆಲ್ಲ ಕಂಡು ಅಲ್ಲೇ ನಿಂತಳು. ಅವಳಿಗೆ ನಮ್ಮ ಕಾನೂನು ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಅವಳು ಯಾರ ಮುಖವನ್ನೂ ನೋಡದೆ, ಪಿಂಟೋ ಸರ್ ಒಬ್ಬರನ್ನೇ, “ಮಾಜಿ ಇಮೆಕ್ವಿಶಾ?” ಎಂದು ಕೇಳಿದಳು. ನೀರು ಮುಗಿಯಿತೇ ಎಂದು.

“ಬಾದೊ,” ಎಂದರು ಅವರು. ಇನ್ನೂ ಇಲ್ಲ. ಕೀಲಿ ಇಳಿಸಿ ತಿರುಗಿಸಿದರು. ಪೈಪು ಮತ್ತೆ ಮಾತಾಡತೊಡಗಿತು. ನಾವು ಒಬ್ಬೊಬ್ಬರಾಗಿ ಮನೆಗೆ ಹೋದೆವು.

ಗುಂಪು ಬರಲಿಲ್ಲ. ಬಂದಿದ್ದರೆ ನಾನು ಇದನ್ನೆಲ್ಲ ಈ ಧಾಟಿಯಲ್ಲಿ ಬರೆಯುತ್ತಿರಲಿಲ್ಲ, ಪ್ರಾಯಶಃ ಬರೆಯುತ್ತಲೇ ಇರಲಿಲ್ಲ. ಗುಂಪು ಬರಬಹುದೆಂಬುದು ಪಿಂಟೋ ಸರ್‌ಗೂ ತಿಳಿಯದ್ದೇನಲ್ಲ. ರಸ್ತೆಗಳು ತೆರೆದ ಮೇಲೆ ಗ್ರೇಸಳ ತಾಯಿ ತನ್ನ ಹಳ್ಳಿಗೆ ಹೋದಳು. ಗ್ರೇಸ್ ಮಕ್ಕಳೊಡನೆ ಹಿಂದಿನ ಕೋಣೆಯಲ್ಲೇ ಉಳಿದು, ಈಗ ಎಂಟೂ ಮನೆಗಳ ಪರದೆಗಳನ್ನು ಅದೇ ಯಂತ್ರದಲ್ಲಿ ಹೊಲಿದುಕೊಡುತ್ತಾಳೆ. ನಿಯಮವನ್ನು ಯಾರೂ ರದ್ದು ಮಾಡಲಿಲ್ಲ. ಅದು ಕಾರು ತೊಳೆಯುವ ನಿಯಮದ ಪಕ್ಕದಲ್ಲಿ ಹಾಯಾಗಿ ಮಲಗಿದೆ.

ಇದೆಲ್ಲ ಆಗಿ ಎಷ್ಟೋ ವರ್ಷಗಳ ಮೇಲೆ, ಈ ವರ್ಷ, ಪಿಂಟೋ ಸರ್ ಇದೇ ನಗರದ ಲಂಗಾಟಾದಲ್ಲಿರುವ ಮಗಳ ಮನೆಗೆ ಹೊರಟುಹೋದರು. ಬೀಳ್ಕೊಡುಗೆಯಲ್ಲಿ ಶ್ರೀಧರ್ ತುಂಬು ಮನಸ್ಸಿನಿಂದ ಮಾತಾಡಿದರು. ಆ ಕೆಟ್ಟ ದಿನಗಳಲ್ಲಿ ನಾವೆಲ್ಲ ಒಂದು ಕುಟುಂಬದ ಹಾಗೆ ನಿಂತು ಗ್ರೇಸಳನ್ನು ಕಾಪಾಡಿದ್ದನ್ನು ನೆನೆದರು. “ಆ ಟೈಮಲ್ಲಿ ಏನೋ ರೂಲ್ ಬೇರೆ ಇತ್ತು. ಪುಣ್ಯಕ್ಕೆ ಐದನೇ ಮನೆ ವಾಲ್ವ್ ಸ್ಟಕ್ ಆಗಿತ್ತು ನೋಡಿ, ದೇವ್ರು ದೊಡ್ಡವನು,” ಎಂದರು. ಎಲ್ಲರೂ ನಕ್ಕರು. ನಾನು ಮುಖಗಳನ್ನು ಒಂದೊಂದಾಗಿ ನೋಡಿದೆ. ಅವರು ಸುಳ್ಳಾಡುತ್ತಿರಲಿಲ್ಲ, ಅವರಿಗೆ ಹಾಗೆಯೇ ನೆನಪಿತ್ತು. ವತ್ಸಲಾ ತಟ್ಟೆ ಕೆಳಗಿಟ್ಟು ಎದ್ದುಹೋದರು. ಪಿಂಟೋ ಸರ್ ಕುರ್ಚಿಯ ಪಕ್ಕದಿಂದ ಕೀಲಿ ಎತ್ತಿಕೊಂಡು, ತೆಗೆದುಕೊಳ್ಳುವವರಿಗಾಗಿ ಸುತ್ತ ನೋಡಿದರು. ಅಷ್ಟು ಹೊತ್ತಿಗೆ ನನಗೆ ಮತ ಬಂದಿತ್ತು, ಬೆನ್ನುನೋವು ಬಂದಿರಲಿಲ್ಲ.

ನನ್ನ ಕೈಗೆ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: “ಐದಕ್ಕೆ ಎಣ್ಣೆ ಬಿಡ್ಲಿಕ್ಕೆ ಮರೀಬೇಡಿ.”

ಮರೆತಿಲ್ಲ. ಕೊಡೆಯ ಮೊಳೆಯಿಂದ ಕೀಲಿ ಇಳಿಸಿಕೊಂಡು, ನೀರಿನ ದಿನಗಳಲ್ಲಿ ಒಂದರಿಂದ ನಾಲ್ಕನ್ನು ಮುಗಿಸಿ ಐದಕ್ಕೆ ಬಂದಾಗ, ತೆರೆದ ವಾಲ್ವನ್ನು ಒಮ್ಮೆ ಪೂರ್ತಿ ಮುಚ್ಚಿ ನೋಡುತ್ತೇನೆ. ಸದ್ದು ಸಣ್ಣಗಾಗಿ ನಿಲ್ಲುತ್ತದೆ. ಒಂದು ಹನಿಯೂ ಸೋರುವುದಿಲ್ಲ. ಇಷ್ಟನ್ನು ಖಚಿತಪಡಿಸಿಕೊಂಡು, ಮತ್ತೆ ತೆರೆದು, ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತೇನೆ.