ಹಸನ್ ಹಾಕುವ ಗಂಟು

ಪುತ್ತೂರಿನ ನಮ್ಮ ಆಟದ ಸಾಮಾನಿನ ಅಂಗಡಿ ಕಟ್ಟಿ ಬೆಳೆಸಿದ್ದು ನನ್ನ ಅವಳಿ ಅಣ್ಣ ಹಸನ್. ಅವನು ತೀರಿಕೊಂಡ ಮೇಲೆ ನಾನು ಗಲ್ಫ್ ಬಿಟ್ಟು ಬಂದು ಅಂಗಡಿಯಲ್ಲಿ ಕೂತೆ. ಕೂತೆ ಅಂತ ಹೇಳುದಷ್ಟೇ, ಮೂರು ತಿಂಗಳಿಂದ ಒಂದು ಕಡೆ ಕೂರಲಿಕ್ಕೆ, ನಿಲ್ಲಲಿಕ್ಕೆ ಆಗುದಿಲ್ಲ.

ಮೊನ್ನೆ ಕಡಬಕ್ಕೆ ವಾಲಿಬಾಲ್ ನೆಟ್ ಕೊಡಲು ಹೋಗಿದ್ದೆ. ಪಂದ್ಯ ನಡೆಸುವ ಗೌಡರು ಓಡಿಬಂದು ನನ್ನ ಕೈ ಹಿಡಿದುಕೊಂಡರು.

"ಹಸನ್, ಅವಳಿಯಲ್ಲಿ ಒಬ್ಬ ಹೋದ ಅಂತ ಕೇಳಿದೆ. ಗಲ್ಫಿನ ತಮ್ಮ ಅಲ್ವಾ? ಪಾಪ ಮಾರಾಯ."

ಆ ತಮ್ಮ ನಾನೇ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನೆಟ್ಟಿನ ಹಗ್ಗ ನನ್ನ ಕೈಗಿಟ್ಟು, "ನಿನ್ನ ಗಂಟು ಹಾಕು. ಬೇರೆ ಯಾರು ಕಟ್ಟಿದರೂ ಎರಡನೇ ಸೆಟ್ಟಿಗೆ ಜೋಲುತ್ತದೆ" ಅಂದರು.

ಮಾರಿದ ನೆಟ್ಟನ್ನೆಲ್ಲ ಹಸನ್ ತಾನೇ ಕಟ್ಟಿಕೊಡುತ್ತಿದ್ದ ಅಂತ ನನಗೆ ಗೊತ್ತಾದದ್ದೇ ಆಗ. ಮೂರು ಸಲ ಕಟ್ಟಿದೆ, ಮೂರು ಸಲವೂ ಜಾರಿತು.

"ಬಿಡು, ದುಃಖದಲ್ಲಿ ಕೈ ಓಡುದಿಲ್ಲ" ಅಂತ ಗೌಡರೇ ಹಗ್ಗ ತೆಗೆದುಕೊಂಡರು. "ತಮ್ಮ ಹೇಗಿದ್ದ?"

"ನನ್ನ ಹಾಗೆಯೇ. ಗಂಟು ಹಾಕಲಿಕ್ಕೆ ಮಾತ್ರ ಬರ್ತಿರಲಿಲ್ಲ."

ಆಟ ಶುರುವಾಗುವ ಮೊದಲು ಎಲ್ಲರೂ ನನ್ನ ಆತ್ಮಶಾಂತಿಗೆ ಒಂದು ನಿಮಿಷ ಮೌನವಾಗಿ ನಿಂತರು. ನಾನೂ ನಿಂತೆ. ಅಣ್ಣ ಹೋದ ಮೇಲೆ ನಾನು ಒಂದೇ ಕಡೆ ಸುಮ್ಮನೆ ನಿಂತದ್ದು ಆ ಒಂದು ನಿಮಿಷ.